ಬಂಗ್ಲಾ ಕೊಟ್ಟ ಮದುವೆ

ನಮ್ಮ ಅವ್ವ-ಅಪ್ಪನ ಮದುವೆಯದ್ದು ಅಂತ ಮನೆಯಲ್ಲಿ ಇರುವುದು ಒಂದೇ ಒಂದು ಫೋಟೋ. ಅದರಲ್ಲಿ ಹನ್ನೊಂದು ಜನ ಇದ್ದಾರೆ. ಹನ್ನೊಂದೂ ಜನ ಆಕಾಶ ನೋಡುತ್ತಿದ್ದಾರೆ. ಅಪ್ಪನ ಬಾಸಿಂಗ ಹಿಂದಕ್ಕೆ ವಾಲಿ ಬರೀ ಗದ್ದ ಕಾಣುತ್ತದೆ. ಅಕ್ಕಿಕಾಳು ಹಿಡಿದ ಅಯ್ನೋರ ಕೈ ಅರ್ಧಕ್ಕೇ ನಿಂತಿದೆ. ಕ್ಯಾಮೆರಾ ಕಡೆ ನೆಟ್ಟಗೆ ನೋಡುತ್ತಿರುವುದು ಮೂಲೆಯಲ್ಲಿ ಕೂತ ಒಂದು ನಾಯಿ ಮಾತ್ರ.

ಯಾಕೆ ಹೀಗೆ ಅಂತ ಕೇಳಿದರೆ ಬರುವ ಉತ್ತರ ಒಂದೇ: ‘ಯುದ್ಧ ಇತ್ತಲ್ಲಪ್ಪ.’

ಯುದ್ಧ ಇದ್ದದ್ದು ನಿಜ. ಮದುವೆ 1971ರ ಡಿಸೆಂಬರ್ 6, ಸೋಮವಾರ, ಕೊಪ್ಪಳದಲ್ಲಿ. ಲಗ್ನಪತ್ರಿಕೆಯಲ್ಲಿ ‘ಕೊಪ್ಪಳ, ರಾಯಚೂರು ಜಿಲ್ಲೆ’ ಅಂತ ಇದೆ. ಕೊಪ್ಪಳ ಬೇರೆ ಜಿಲ್ಲೆಯಾಗಿದ್ದು 1997ರಲ್ಲಿ. ಮದುವೆ ಹೊತ್ತಿಗೆ ಇನ್ನೂ ರಾಜ್ಯಕ್ಕೇ ಕರ್ನಾಟಕ ಅನ್ನೋ ಹೆಸರು ಬಂದಿರಲಿಲ್ಲ. ಗಂಡಿನ ಕಡೆಯವರು ಬಳ್ಳಾರಿಯವರು. ಶುಕ್ರವಾರ ಸಂಜೆ ಪಾಕಿಸ್ತಾನದ ವಿಮಾನಗಳು ಪಠಾಣ್‌ಕೋಟ್, ಅಮೃತಸರ ಅಂತ ಬಾಂಬು ಹಾಕಿದವು. ನಡುರಾತ್ರಿ ದಾಟಿದ ಮೇಲೆ ಇಂದಿರಾ ಗಾಂಧಿ ರೇಡಿಯೋದಲ್ಲಿ ಮಾತಾಡಿದರು. ನಮ್ಮಜ್ಜ ರೇಡಿಯೋಕ್ಕೆ ಕಿವಿ ಹಚ್ಚಿಕೊಂಡೇ ಕೂತಿದ್ದ. ಹಂದರ ಹಾಕಿಯಾಗಿತ್ತು, ಬೂಂದಿ ಕರಿದಾಗಿತ್ತು. ಮದುವೆ ಮುಂದಕ್ಕೆ ಹಾಕೋಣವಾ ಅಂತ ಯಾರೋ ಕೇಳಿದರು. ಅಜ್ಜ ಹೇಳಿದನಂತೆ: ‘ಯುದ್ಧ ಬೇಕಾದ್ರ ಮುಂದಕ್ಕ ಹಾಕ್ಲಿ. ಧನುರ್ಮಾಸ ಯಾರಪ್ಪ ಮುಂದಕ್ಕ ಹಾಕ್ತಾನ?’

ಮುಂದಕ್ಕೆ ಹಾಕಲಿಲ್ಲ. ಆದರೆ ತನ್ನ ಮನೆಗೆ ಒಂದು ಸ್ವಂತ ಬ್ಲ್ಯಾಕ್‌ಔಟ್ ಘೋಷಿಸಿದ.

ಯಾರೂ ಹೇಳಿರಲಿಲ್ಲ, ಗಮನಿಸಿ. ಕರಾಚಿ ಕೊಪ್ಪಳಕ್ಕೆ ಸಾವಿರ ಕಿಲೋಮೀಟರಿಗಿಂತ ಜಾಸ್ತಿ ದೂರ. ಅಜ್ಜನ ತರ್ಕ ಬೇರೆ ಇತ್ತು. ವೈರಿಗಳು ತುಂಗಭದ್ರಾ ಡ್ಯಾಮಿಗೆ ಬಂದೇ ಬರುತ್ತಾರೆ, ಡ್ಯಾಮ್ ಇರೋದು ಮುನಿರಾಬಾದಿನಲ್ಲಿ, ಹಂದರದ ದೀಪ ಕಂಡರೆ ಅಲ್ಲಿಗೆ ಹಾಕುವ ಬಾಂಬು ಇಲ್ಲಿಗೆ ಹಾಕುತ್ತಾರೆ. ಡ್ಯಾಮ್ ಒಡೆದರೆ ಊರು ಮುಳುಗುತ್ತದೆ ಅಂತ ಓಣಿಯಲ್ಲಿ ಇನ್ನೊಬ್ಬರು ಸೇರಿಸಿದರು. ಕೊಪ್ಪಳ ಡ್ಯಾಮಿಗಿಂತ ಎತ್ತರದಲ್ಲಿದೆ. ನೀರು ಏಣಿ ಹಾಕಿಕೊಂಡು ಹತ್ತಿ ಬರಬೇಕಿತ್ತು. ಆದರೆ ಮದುವೆ ಮನೆಯಲ್ಲಿ ಇಂಥದ್ದನ್ನೆಲ್ಲ ಯಾರು ಲೆಕ್ಕ ಹಾಕುತ್ತಾರೆ?

ಅಜ್ಜನನ್ನು ನೋಡಿ ನಾವು ಎಷ್ಟೋ ವರ್ಷ ನಕ್ಕಿದ್ದೇವೆ. ಅಜ್ಜಿ ಮಾತ್ರ ನಗುತ್ತಿರಲಿಲ್ಲ. ಕೊಪ್ಪಳ ನಿಜಾಮರ ಸೀಮೆಯಲ್ಲಿತ್ತು. 1948ರಲ್ಲಿ ರಜಾಕಾರರ ಗಲಾಟೆ ಜೋರಾದಾಗ ಅವರಿಬ್ಬರೂ ಹೊಳೆ ದಾಟಿ ಬಳ್ಳಾರಿ ಕಡೆ ಓಡಿ ಬಂದವರು. ಆ ಕಡೆ ಮದ್ರಾಸ್ ಪ್ರಾಂತ್ಯ, ಅಂದರೆ ಜೀವಕ್ಕೆ ಭಯವಿಲ್ಲ. ಹೊಳೆ ದಾಟುವ ಮೊದಲು ಎಷ್ಟೋ ರಾತ್ರಿ ದೀಪ ಹಚ್ಚದೆ, ಕೂಸಿನ ಬಾಯಿಗೆ ಸೆರಗು ಒತ್ತಿ ಹಿಡಿದು ಕೂತಿದ್ದರಂತೆ. ‘ನಿಮ್ಮಜ್ಜಗ ದೀಪ ಆರಿಸೋದು ರೇಡಿಯೋ ಕಲಿಸಿಲ್ಲ’ ಅಂತ ಒಮ್ಮೆ ಹೇಳಿದ್ದಳು. ಅದಕ್ಕೇ ಅವತ್ತು ಅಜ್ಜ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡಾಗ ಅವಳು ಒಂದು ಮಾತೂ ಆಡದೆ ಕಿಡಕಿಗೆ ಕೌದಿ ಕಟ್ಟಲು ಎದ್ದಳಂತೆ.

ಫ್ಯೂಸ್ ಕಿತ್ತದ್ದು ಭಾನುವಾರ ಸಂಜೆ, ಅರಿಶಿಣ ಹಚ್ಚುವ ಹೊತ್ತಿಗೆ.

ಪೆಟ್ರೋಮ್ಯಾಕ್ಸ್‌ಗೂ ಅಪ್ಪಣೆ ಇಲ್ಲ. ಒಂದು ಕಂದೀಲು, ಅದಕ್ಕೂ ಕಂಬಳಿ ಮುಸುಕು. ಆ ಕತ್ತಲಲ್ಲಿ ಹೆಂಗಸರು ಹಾಡು ಹೇಳುತ್ತ ಮದುಮಗಳಿಗೆ ಅರಿಶಿಣ ಹಚ್ಚಿದರು. ಕೈ, ಕಾಲು, ಕೆನ್ನೆ, ಎಲ್ಲ ಸಾವಕಾಶ. ಆಮೇಲೆ ನೋಡಿದರೆ ಅವ್ವ ಅಡುಗೆಮನೆಯಲ್ಲಿ ‘ನನ್ನನ್ನ ಯಾವಾಗ ಕರೀತೀರಿ’ ಅಂತ ಕಾಯುತ್ತ ನಿಂತಿದ್ದಾಳೆ! ಮಣೆ ಮೇಲೆ ಕೂತಿದ್ದವಳು ನನ್ನ ಚಿಕ್ಕಮ್ಮ. ಆಗ ಅವಳಿಗೆ ಹನ್ನೊಂದು ವರ್ಷ. ಬಾಯಿ ಯಾಕೆ ಬಿಡಲಿಲ್ಲ ಅಂದರೆ ಇವತ್ತಿಗೂ ಅದೇ ಉತ್ತರ: ‘ಯಾರೂ ಕೇಳ್ಲಿಲ್ಲ. ಮತ್ತ ಎಲ್ಲಾರೂ ಅಷ್ಟು ಪ್ರೀತಿಲೆ ಹಚ್ಚಾಕತ್ತಿದ್ರು.’ ಉಳಿದ ಅರಿಶಿಣವನ್ನು ತಟ್ಟೆಯಿಂದ ಕೆರೆದು ಅವ್ವನ ಎರಡು ಕೆನ್ನೆಗೆ ಹಚ್ಚಿದರು. ಕಾಲಿಗೆ ಸಾಲಲಿಲ್ಲ.

ಇತ್ತ ಗಂಡಿನ ಕಡೆಯವರು ಲಾರಿ ಮಾಡಿಕೊಂಡು ಬಳ್ಳಾರಿ ಬಿಟ್ಟಿದ್ದರು. ಅಪ್ಪನ ತಮ್ಮ, ಅಂದರೆ ನಮ್ಮ ಚಿಕ್ಕಪ್ಪ, ಆಗ ಕಾಲೇಜು ಹುಡುಗ, ಪೇಪರ್ ಓದುವವ. ಯುದ್ಧದ ಕಾಲದಲ್ಲಿ ಗಾಡಿ ದೀಪದ ಮೇಲಿನ ಅರ್ಧಕ್ಕೆ ಕಪ್ಪು ಬಳಿಯಬೇಕು ಅಂತ ಎಲ್ಲೋ ಓದಿದ್ದ. ಹೊಸಪೇಟೆ ದಾಟಿದ ಮೇಲೆ ಲಾರಿ ನಿಲ್ಲಿಸಿ, ಚಕ್ಕಡಿಯವರೊಬ್ಬರ ಹತ್ತಿರ ಕೀಲೆಣ್ಣೆ ಇಸಗೊಂಡು ಬಳಿದ. ಕೆಳಗಿನ ಅರ್ಧಕ್ಕೆ! ಡ್ರೈವರಿಗೆ ಬೇವಿನ ಮರದ ತುದಿಯ ಕಾಗೆ ಗೂಡು ಕಾಣುತ್ತಿತ್ತು, ರಸ್ತೆ ಕಾಣುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ದೀಪದ ಬಿಸಿಗೆ ಕೀಲೆಣ್ಣೆ ಕರಗಿ ಹರಡಿಕೊಂಡು ಕಾಗೆ ಗೂಡೂ ಮಾಯವಾಯಿತು. ಹಿಟ್ನಾಳದ ಹತ್ತಿರ ಕೊಪ್ಪಳದ ಕಡೆ ಹೊರಳಬೇಕಾದ ಲಾರಿ ಗಂಗಾವತಿ ಕಡೆ ಹೊರಳಿ, ಯಾರದೋ ನೆಲ್ಲಿನ ಕಣದಲ್ಲಿ ಹುಲ್ಲಿನ ಬಣವೆಗೆ ಮೆಲ್ಲಗೆ ಮುಖ ತೂರಿಸಿ ನಿಂತಿತು. ಪೆಟ್ಟು ಯಾರಿಗೂ ಆಗಲಿಲ್ಲ. ಕಣ ಕಾಯುತ್ತಿದ್ದ ಮುದುಕ ಎದ್ದು ಬಂದು ‘ಯಾವ ಕಡೆ ಮಿಲ್ಟ್ರಿಯವ್ರು ನೀವು?’ ಅಂತ ಕೇಳಿದನಂತೆ.

ಬೆಳಗಿನ ಜಾವ ಮದುಮಗ ತಲೆ ತುಂಬ ಹುಲ್ಲು ಸಿಕ್ಕಿಸಿಕೊಂಡು ಬಂದು ಇಳಿದ. ಎದುರಿಗೆ ಮೈಯೆಲ್ಲ ಹಳದಿಯಾಗಿ ಚಿಕ್ಕಮ್ಮ ನಿಂತಿದ್ದಳು. ಅಪ್ಪನ ಸೋದರತ್ತೆ ಎದೆ ಮೇಲೆ ಕೈ ಇಟ್ಟುಕೊಂಡು, ‘ಅಯ್ಯ ಶಿವನೇ, ಹುಡುಗಿ ಇಷ್ಟು ಸಣ್ಣಾಕಿ ಏನ?’ ಅಂದಳು. ಅದನ್ನು ಸಮಾಧಾನ ಮಾಡುವುದರಲ್ಲೇ ಉಪ್ಪಿಟ್ಟು ತಣ್ಣಗಾಯಿತು.

ಮುಹೂರ್ತ ಹೇಗೋ ಮುಗಿಯಿತು. ಫೋಟೋ ಆಗಲೇ ತೆಗೆದದ್ದು. ಚಿಕ್ಕಪ್ಪ ಇವತ್ತಿಗೂ ಆಣೆ ಮಾಡಿ ಹೇಳುತ್ತಾನೆ, ಮೇಲೆ ವಿಮಾನ ಬಂದಿತ್ತು ಅಂತ. ಅವ್ವ ಹೇಳುವುದು, ‘ಮಂಗ್ಯಾ. ಹಂದರದ ಬಾಳೆಗೊನಿಗೆ ಬಂದಿತ್ತು.’ ನಮ್ಮತ್ತೆಗೆ ಯಾರ ಮನಸ್ಸೂ ನೋಯಬಾರದು. ವಿಮಾನದ ಸದ್ದಿಗೆ ಹೆದರಿ ಮಂಗ್ಯಾ ಹಾರಿತು ಅನ್ನುತ್ತಾಳೆ. ನನ್ನ ಓಟು ಮಂಗ್ಯಾಕ್ಕೆ. ಫೋಟೋದ ಮೇಲಿನ ಅಂಚಿನಲ್ಲಿ ಹಗ್ಗದಂಥದ್ದು ಏನೋ ಜೋತು ಬಿದ್ದಿದೆ, ಹಗ್ಗದ ತುದಿ ಹಾಗೆ ಮೇಲಕ್ಕೆ ಸುತ್ತಿಕೊಳ್ಳುವುದಿಲ್ಲ.

ದೊಡ್ಡ ಅನಾಹುತ ಆದದ್ದು ಊಟದ ಪಂಕ್ತಿಯಲ್ಲಿ. ಅವತ್ತು ಬೆಳಿಗ್ಗೆ ಇಂದಿರಾ ಗಾಂಧಿ ಪಾರ್ಲಿಮೆಂಟಿನಲ್ಲಿ ಬಾಂಗ್ಲಾದೇಶಕ್ಕೆ ಮಾನ್ಯತೆ ಕೊಟ್ಟ ವಿಷಯ ಹೇಳಿದ್ದರು. ಒಳಗೆ ರೇಡಿಯೋ ಹತ್ತಿರ ಇದ್ದ ಅಜ್ಜ ಸುದ್ದಿ ಕೇಳಿ, ಪಟಕ ಸರಿ ಮಾಡಿಕೊಳ್ಳುತ್ತ ಹೊರಗೆ ಓಡಿ ಬಂದು ಕೂಗಿದ: ‘ಬಾಂಗ್ಲಾ ಕೊಟ್ರು! ಬಾಂಗ್ಲಾ ಕೊಟ್ರು!’

ನಮ್ಮ ಕಡೆ ಬಂಗಲೆಗೆ ಏನಂತಾರೆ? ಬಂಗ್ಲಾ.

ಹೋಳಿಗೆ ಮುರಿಯುತ್ತಿದ್ದ ಬಳ್ಳಾರಿಯ ಬೀಗರ ಕೈ ನಿಂತಿತು. ಹುಡುಗಿಯ ಅಪ್ಪ ತನ್ನ ಬಾಯಲ್ಲೇ ಬಂಗ್ಲಾ ಕೊಟ್ಟೆ ಅಂತ ಕೂಗುತ್ತಿದ್ದಾನೆ! ಸೋದರತ್ತೆ ಪಕ್ಕದವಳ ಕಿವಿಯಲ್ಲಿ, ‘ಎಲ್ಲೈತಂತ? ಹೊಸಪೇಟ್ಯಾಗೋ, ಇಲ್ಲೋ?’ ಅಂದಳು. ಮೂರನೇ ಪಂಕ್ತಿ ಏಳುವ ಹೊತ್ತಿಗೆ ಬಂಗಲೆಗೆ ಎರಡು ಅಂತಸ್ತು ಬಂದಿತ್ತು, ಹಿಂದೆ ಒಂದು ಬಾವಿಯೂ ಇತ್ತು. ಅಜ್ಜನಿಗೆ ಇದು ಗೊತ್ತಾಗಿದ್ದು ರಾತ್ರಿ, ಹೆಣ್ಣು ಕಳಿಸುವಾಗ ಬೀಗರು ‘ಕಾಗದಪತ್ರ ಯಾವಾಗ ನೋಡೋಣ್ರಿ’ ಅಂತ ಮೆಲ್ಲಗೆ ಕೇಳಿದ ಮೇಲೆ. ಅಜ್ಜ ಅದನ್ನು ಬಾಂಗ್ಲಾದೇಶದ ಕಾಗದಪತ್ರ ಅಂದುಕೊಂಡು, ‘ಅದೆಲ್ಲ ಡೆಲ್ಲಿಯೊಳಗ ಆಕ್ಕೈತಿ’ ಅಂದುಬಿಟ್ಟ. ಬೀಗರು ತೃಪ್ತಿಯಿಂದ ಲಾರಿ ಹತ್ತಿದರು. ಬಳ್ಳಾರಿಯಲ್ಲಿ ಅವ್ವನಿಗೆ ಮೊದಲ ಎರಡು ವರ್ಷ ಸಿಕ್ಕ ಮರ್ಯಾದೆ ಆಮೇಲೆ ಸಿಗಲಿಲ್ಲ ಅಂತ ಅವಳೇ ಹೇಳುತ್ತಾಳೆ.

ಒಡಪು ಹೇಳುವಾಗ ಅವ್ವ ಕಟ್ಟಿದ್ದು ಹೀಗಿತ್ತು: ‘ಕಂದೀಲಿಗೆ ಕಂಬಳಿ, ಕಿಡಕಿಗೆ ಕೌದಿ, ಕತ್ತಲಾಗ ಹುಲ್ಲು ಹೊತ್ತು ಬಂದವರು...’ ಅಂತ ಹೇಳಿ ಅಪ್ಪನ ಹೆಸರು. ಅಪ್ಪನಿಗೆ ಈಗಲೂ ಅದು ಸೇರುವುದಿಲ್ಲ.

ಅಜ್ಜ ತೀರಿಕೊಂಡ ಮೇಲೆ ಟ್ರಂಕಿನಲ್ಲಿ ಮದುವೆಯ ಖರ್ಚಿನ ವಹಿ ಸಿಕ್ಕಿತು. ಕೆಂಪು ಬಟ್ಟೆಯ ರಟ್ಟು, ಪೆನ್ಸಿಲಿನ ಅಕ್ಷರ. ಬೆಲ್ಲ, ಶೇಂಗಾ, ಅಯ್ನೋರ ದಕ್ಷಿಣೆ, ಎಲ್ಲದಕ್ಕೂ ಲೆಕ್ಕ ಇದೆ. ಕೊನೆಯ ಪುಟದಲ್ಲಿ ಹೀಗಿದೆ: ‘ತುಪ್ಪ 1 ಡಬ್ಬಿ – ಯುದ್ಧ. ಚಾಪೆ 2 – ಯುದ್ಧ. ಹಿತ್ತಾಳೆ ಚರಿಗೆ 1 – ಯುದ್ಧ.’ ಚರಿಗೆ ಎಲ್ಲಿದೆ ಅಂತ ನಮಗೆಲ್ಲ ಗೊತ್ತು. ಸೋದರತ್ತೆಯ ಮನೆಯಲ್ಲಿ ಅದರಲ್ಲೇ ನೀರು ಕುಡಿದು ಬೆಳೆದಿದ್ದೇವೆ. ಯುದ್ಧ ಹದಿಮೂರು ದಿನಕ್ಕೆ, ಡಿಸೆಂಬರ್ 16ಕ್ಕೆ ಮುಗಿಯಿತು. ಢಾಕಾದಲ್ಲಿ ಶರಣಾಗತಿ ಪತ್ರಕ್ಕೆ ಸಹಿ ಬಿತ್ತು. ಚರಿಗೆ ಮಾತ್ರ ಹಿಂದಕ್ಕೆ ಬರಲಿಲ್ಲ.

ಮದುವೆಗೆ 50 ವರ್ಷ ತುಂಬಿದಾಗ ಆ ಫೋಟೋ ದೊಡ್ಡದು ಮಾಡಿಸಿ ಕೊಡೋಣ ಅಂತ ನನಗೆ ಅನಿಸಿತು. ಸ್ಟುಡಿಯೋ ಒಂದಕ್ಕೆ ಕೊಟ್ಟು, ‘ಹಳೇದು, ಸ್ವಲ್ಪ ಸರಿ ಮಾಡಪ್ಪ’ ಅಂದೆ. ಸುಮ್ನೆ ಕಲೆಗಿಲೆ ತೆಗೀತಾನೆ ಅಂದುಕೊಂಡಿದ್ದೆ. ಹುಡುಗ ಕಂಪ್ಯೂಟರಿನಲ್ಲಿ ಕೂತು ಪೂರ್ತಿ ಸರಿ ಮಾಡಿದ್ದ. ಹನ್ನೊಂದೂ ಜನ ಈಗ ನೆಟ್ಟಗೆ ಮುಂದೆ ನೋಡುತ್ತಿದ್ದರು. ಅಪ್ಪನ ಮುಖಕ್ಕೆ ಎಲ್ಲಿಂದಲೋ ಒಂದು ನಗು ತಂದಿದ್ದ. ಅವ್ವನ ಕೆನ್ನೆಗೆ, ಮೊಣಕೈಗೆ, ಕಾಲಿಗೆ ಕೂಡ ಅರಿಶಿಣದ ಬಣ್ಣ ತುಂಬಿದ್ದ. ಮೇಲಿನ ಬಾಲ ಇರಲಿಲ್ಲ.

ಅವ್ವ ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿದಳು. ‘ಚಂದ ಐತಿ’ ಅಂದಳು. ‘ಯಾರ ಮದುವಿ ಇದು?’

ಅಪ್ಪ ಫೋಟೋ ಇಸಗೊಂಡು ಮೂಲೆಯಲ್ಲಿ ಬೆರಳಿಟ್ಟು ಹುಡುಕಿದ.

‘ನಾಯಿ ಎಲ್ಲಿ ಹೋತು?’