ಅರ್ಜಿ ಒಬ್ಬೊಬ್ಬರದು, ಬೆಟ್ಟ ಎಲ್ಲರದು

ನಾಗಪುರಕ್ಕೆ ಬಂದು ಹದಿನೇಳು ವರ್ಷವಾಯಿತು. ನನ್ನೂರು ಚಿಕ್ಕಮಗಳೂರು ಜಿಲ್ಲೆಯ ಕೊಪ್ಪದ ಹತ್ತಿರ. ಊರಿಗೆ ಹೋದಾಗಲೆಲ್ಲ ಚಿಕ್ಕಪ್ಪ ಜಗಲಿ ಮೇಲೆ ಒಂದು ಪ್ಲಾಸ್ಟಿಕ್ ಕವರ್ ಬಿಚ್ಚುತ್ತಾರೆ. ಪಹಣಿ, ಕೈಯಲ್ಲಿ ಬರೆದ ನಕ್ಷೆ, ಸಾಗುವಳಿ ಮಾಡಿದ ಸರ್ಕಾರಿ ಜಮೀನನ್ನು ಸಕ್ರಮ ಮಾಡಿಕೊಡಿ ಅಂತ ಹಾಕಿದ ಫಾರಂ 57ರ ಸ್ವೀಕೃತಿ, ಅರಣ್ಯ ಹಕ್ಕಿನ ಅರ್ಜಿಯ ಜೆರಾಕ್ಸ್. ಅಂಚೆಲ್ಲ ಹೊಗೆ ಹಿಡಿದು ಕಂದಾಗಿದೆ. "ಒಂದೂವರೆ ಎಕರೆಗೆ ಇಷ್ಟು ಕಾಗದ ಮಾರಾಯ" ಅನ್ನುತ್ತಾರೆ.

2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಬುಡಕಟ್ಟಿನವರಲ್ಲದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕಿಂತ ಮುಂಚೆ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿದ್ದೆವು ಅಂತ ತೋರಿಸಬೇಕು. 1930ರ ಕಾಗದ ಯಾರ ಹತ್ತಿರ ಇರುತ್ತೆ ಹೇಳಿ? ಹಿರಿಯರ ಹೇಳಿಕೆಯೂ ಸಾಕ್ಷಿಯಾಗುತ್ತದೆ ಅಂತ ನಿಯಮದಲ್ಲೇ ಇದೆ. ಆದರೂ ಚಿಕ್ಕಪ್ಪನ ಅರ್ಜಿ 'ದಾಖಲೆ ಇಲ್ಲ' ಎಂದು ವಾಪಸ್ ಬಂತು.

ನಾನಿರುವ ಊರಿಂದ ಅರ್ಧ ದಿನದ ದಾರಿಯಲ್ಲಿ, ಮಹಾರಾಷ್ಟ್ರದಲ್ಲೇ, ಗಡಚಿರೋಲಿ ಜಿಲ್ಲೆ. ಅಲ್ಲಿಯ ಮೆಂಢಾ-ಲೇಖಾ ಅನ್ನುವ, ಗೊಂಡ ಬುಡಕಟ್ಟಿನವರ ಹಳ್ಳಿಗೂ ಇದೇ ಕಾಯ್ದೆ. ಆದರೆ ಅವರು ಕೇಳಿದ್ದು ಇಡೀ ಊರಿನ ಹೆಸರಲ್ಲಿ. 2009ರಲ್ಲಿ ಸುಮಾರು 1,800 ಹೆಕ್ಟೇರ್ ಕಾಡಿನ ಸಮುದಾಯ ಹಕ್ಕು ಸಿಕ್ಕಿತು. ಹಾಗಂತ ಬಿದಿರು ಮಾರಲು ಬಿಡಲಿಲ್ಲ. ಬಿದಿರು ಮರವೋ ಹುಲ್ಲೋ ಅಂತ ಜಗಳ! ಮರವಾದರೆ ಅರಣ್ಯ ಇಲಾಖೆಯದು, ಹುಲ್ಲಾದರೆ ಊರಿನದು. ಕೊನೆಗೆ 2011ರಲ್ಲಿ ಸಾಗಾಟದ ಪಾಸ್ ಪುಸ್ತಕ ಗ್ರಾಮಸಭೆಯ ಕೈಗೇ ಬಂತು. ಕೊಟ್ಟದ್ದು ಆಗ ಕೇಂದ್ರ ಪರಿಸರ ಸಚಿವರಾಗಿದ್ದ ಜೈರಾಂ ರಮೇಶ್. ಅವರು ಹುಟ್ಟಿದ್ದು ನಮ್ಮ ಚಿಕ್ಕಮಗಳೂರಿನಲ್ಲೇ ಅನ್ನೋದು ಬೇರೆ ಮಾತು.

ನಮ್ಮ ಕಡೆ ಕಾಡು ಅಂದ ಕೂಡಲೇ 'ನನಗೆಷ್ಟು ಎಕರೆ' ಅಂತ ಲೆಕ್ಕ ಶುರುವಾಗುತ್ತದೆ. 2022ರಲ್ಲಿ ರಾಜ್ಯದ ಡೀಮ್ಡ್ ಫಾರೆಸ್ಟ್, ಅಂದರೆ ಅಧಿಸೂಚನೆ ಇಲ್ಲದಿದ್ದರೂ ಕಾಡು ಅಂತಲೇ ಪರಿಗಣಿಸಿದ ಜಾಗ, 9.94 ಲಕ್ಷ ಹೆಕ್ಟೇರಿನಿಂದ 3.3 ಲಕ್ಷಕ್ಕೆ ಇಳಿದಾಗಲೂ ಊರಿಂದ ಬಂದ ಫೋನುಗಳಲ್ಲಿ ಅದೇ ಮಾತು. ತಪ್ಪು ಅನ್ನಲಾರೆ. ತೋಟ ಕಳೆದುಕೊಳ್ಳುವ ಭಯದಲ್ಲಿರುವವನಿಗೆ ಪಟ್ಟಾ ಬೇಕೇ ಬೇಕು. ಆದರೆ ಅಷ್ಟಕ್ಕೇ ನಿಂತುಬಿಟ್ಟೆವು ಅನ್ನೋದು ನನ್ನ ತಕರಾರು.

ಉಪ್ಪಾಗೆ ಅನ್ನುವ ಹುಳಿ ಕಾಡುಹಣ್ಣನ್ನೇ ನೋಡಿ. ಜಡಿಮಳೆಯಲ್ಲಿ ಹೆಂಗಸರು ಜಿಗಣೆ ಕಿತ್ತು ಹಾಕುತ್ತಾ ಹಣ್ಣು ಆರಿಸುತ್ತಾರೆ. ಸಿಪ್ಪೆ ಬಿಡಿಸಿ, ಒಲೆಯ ಮೇಲಿನ ತಟ್ಟಿಯಲ್ಲಿ ಹರಡಿ, ಕಣ್ಣುರಿಯುವ ಹೊಗೆಯಲ್ಲಿ ದಿನಗಟ್ಟಲೆ ಒಣಗಿಸುತ್ತಾರೆ. ಒಣಗಿ ಕಪ್ಪಾದ ಮೇಲೆ ದರ ಹೇಳುವವನು ಟೆಂಡರ್ ಹಿಡಿದ ವ್ಯಾಪಾರಿ. ಇಂಥ ಕಿರು ಅರಣ್ಯ ಉತ್ಪನ್ನದ ಒಡೆತನವನ್ನೂ ಇದೇ ಕಾಯ್ದೆ ಕೊಡುತ್ತದೆ. ನಮ್ಮಲ್ಲಿ ಅದನ್ನು ಕೇಳಿದವರು ಎಷ್ಟು ಜನ?

ಗೊಂಡರ ಹಾಗೆ ನಾವು ಒಂದೇ ಜನ ಅಲ್ಲ, ಗೊತ್ತು. ಅವರದು ಎಲ್ಲರೂ ಒಪ್ಪಿದ ಮೇಲೇ ತೀರ್ಮಾನ. ನಮ್ಮದು ಗುಡ್ಡಕ್ಕೊಂದು ಮನೆ, ಮನೆಗೊಂದು ಜಾತಿ. ತೋಟದ ಗೊಬ್ಬರಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟ ಕೂಡ ಅಡಿಕೆ ತೋಟ ಇದ್ದವನಿಗೇ. ಎಸ್ಟೇಟಿನ ಕೂಲಿ ಲೈನಿನ ಮನೆಯಲ್ಲಿರುವವಳು ಕಟ್ಟಿಗೆ ತಂದರೆ ಕಳ್ಳತನ. ಆದರೂ ಆಗದ ಮಾತೇನಲ್ಲ. ನಮ್ಮದೇ ರಾಜ್ಯದ ಬಿಳಿಗಿರಿರಂಗನ ಬೆಟ್ಟದ ಸೋಲಿಗರು 2011ರಲ್ಲಿ ಹುಲಿ ಕಾಡಿನೊಳಗೇ ಸಮುದಾಯ ಹಕ್ಕು ಪಡೆದರು. ನಮ್ಮ ಜಿಲ್ಲೆಯ ಗೌಡಲು, ಮಲೆಕುಡಿಯರು ಬುಡಕಟ್ಟಿನವರು, ಅವರಿಗೆ 75 ವರ್ಷದ ಷರತ್ತೂ ಇಲ್ಲ. ಅವರನ್ನು ಮುಂದಿಟ್ಟುಕೊಂಡು ಉಳಿದವರು ಜೊತೆಗೆ ಹೋಗಬಹುದಲ್ವಾ?

ಮೊನ್ನೆ ಫೋನಿನಲ್ಲಿ ಇದನ್ನೇ ಹೇಳಿದೆ. ಚಿಕ್ಕಪ್ಪ ನಕ್ಕರು. "ಗ್ರಾಮಸಭೆಗೆ ಕೋರಂ ಆಗೋದೇ ಕಷ್ಟ ಮಾರಾಯ. ಸಹಿ ಹಾಕಿ ಕಾಫಿ ಕುಡಿದು ಹೋಗ್ತಾರೆ." ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಅಂದರು: "ಉಪ್ಪಾಗೆ ದರದ ವಿಷಯ ಅಂದ್ರೆ ನಿನ್ನ ಚಿಕ್ಕಮ್ಮ ಬರಬಹುದು ನೋಡು."