ವಿಂಚ್ ಇದ್ದವನಿಗೆ ಊರೆಲ್ಲ ಗೂಟ

ಆ ವಿಡಿಯೋ ನಿಮ್ಮ ಮೊಬೈಲಿಗೂ ಬಂದಿರುತ್ತದೆ ಬಿಡಿ. ನೆತ್ತಿ ಮೇಲೆ ಟೆಂಟು, ಮೂತಿಗೆ ಎಳೆಯುವ ರಾಟೆ ವಿಂಚು, ಬೆನ್ನಿಗೆ ಎರಡು ಕೆಂಪು ಡೀಸೆಲ್ ಡಬ್ಬಿ. ಅಷ್ಟೆಲ್ಲ ಹೊತ್ತುಕೊಂಡ ಫೋರ್ ವೀಲ್ ಡ್ರೈವ್ ಗಾಡಿ ನಮ್ಮ ಕೊಡಗಿನ ಗದ್ದೆ ಬದಿಯ ತೋಡಿನಲ್ಲಿ ಕೂತೇಬಿಟ್ಟಿದೆ. ಎಳೆಯಲು ಬಂದದ್ದು ಉಳುವ ಟ್ರ್ಯಾಕ್ಟರ್. ಅದಕ್ಕೆ ಸ್ನಾರ್ಕೆಲ್ ಕೊಳವೆ ಇರಲಿಲ್ಲ. ಓಡಿಸಿದವನ ಕಾಲಲ್ಲಿ ಚಪ್ಪಲಿಯೂ ಇರಲಿಲ್ಲ.

ನಗುವವರು ನಗಲಿ. ಗಾಡಿಗೆ ಇಷ್ಟೆಲ್ಲ ಕಟ್ಟಿಕೊಂಡು ಕೊಡಗಿಗೆ ಬರುವ ಈ ಸಾಹಸಿಗಳಿಗೆ ನಾನಂತೂ ಅಭಿಮಾನಿ. ಬೆಂಗಳೂರಿನಿಂದ ಮಡಿಕೇರಿಗೆ ಹೆಚ್ಚುಕಡಿಮೆ 260 ಕಿ.ಮೀ. ಮೈಸೂರಿನವರೆಗೆ ಎಕ್ಸ್‌ಪ್ರೆಸ್‌ವೇ. ಆಮೇಲೆ ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರ. ದಾರಿಯುದ್ದಕ್ಕೂ ಬಂಕು, ದಾರಿಯುದ್ದಕ್ಕೂ ತಟ್ಟೆ ಇಡ್ಲಿ. ಇಂಥ ಘೋರ ಕಾಂತಾರ ದಾಟಲು ಡೀಸೆಲ್ ಡಬ್ಬಿ ಹೊತ್ತು ಹೊರಡುವುದಕ್ಕೆ ಗುಂಡಿಗೆ ಬೇಕು. ಮನಾಲಿಯಿಂದ ಲೇಹ್ ಕಡೆ ಹೋಗುವವರಿಗೆ ಒಂದು ಕಾಲದಲ್ಲಿ ತಾಂಡಿಯ ಬಂಕಿನಲ್ಲಿ ಬೋರ್ಡು ಸಿಗುತ್ತಿತ್ತು, ಮುಂದಿನ ಬಂಕು 365 ಕಿ.ಮೀ. ದೂರ ಅಂತ. ಅಲ್ಲಿ ಡಬ್ಬಿ ಬೇಕೇ ಬೇಕಿತ್ತು. ಇಲ್ಲಿ ಪಿರಿಯಾಪಟ್ಟಣದಲ್ಲಿ ಮರೆತವರು ಕುಶಾಲನಗರದಲ್ಲಿ ಹಾಕಿಸಿಕೊಳ್ಳಬಹುದು. ಪುಣ್ಯಕ್ಕೆ ಡಬ್ಬಿಗಳು ಖಾಲಿ. ಶನಿವಾರ ಕುಶಾಲನಗರದ ಹತ್ತಿರದ ಕೊಪ್ಪದ ಟ್ರಾಫಿಕ್ಕಿನಲ್ಲಿ ಇಂಥದೊಂದು ಗಾಡಿಯ ಪಕ್ಕದಲ್ಲೇ ನಿಂತಿದ್ದೆ, ಬ್ರೇಕ್ ಹಾಕಿದಾಗಲೆಲ್ಲ ಡಣ್ ಡಣ್ ಅನ್ನುತ್ತಿದ್ದವು.

ಇನ್ನು ಸ್ನಾರ್ಕೆಲ್. ಬಾನೆಟ್ ಪಕ್ಕದಿಂದ ಹೊರಟು ಗಾಡಿಯ ತಲೆ ಮಟ್ಟಕ್ಕೆ ಏರುವ ಕರಿ ಕೊಳವೆ. ಇಂಜಿನ್ ಗಾಳಿ ಎಳೆದುಕೊಳ್ಳುವ ಬಾಯನ್ನು ಎತ್ತರಕ್ಕೆ ಒಯ್ಯುವುದು ಅದರ ಕೆಲಸ. ಗಾಳಿ ಬದಲು ನೀರು ಎಳೆದರೆ ಪಿಸ್ಟನ್ನಿಗೆ ಅದನ್ನು ಅದುಮಲು ಆಗುವುದಿಲ್ಲ. ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಇಂಜಿನ್ ಕಥೆ ಅಲ್ಲಿಗೆ ಮುಗೀತು. ಸಾಮಾನು ಒಳ್ಳೆಯದೇ. ಆದರೆ ಒಳಗೆ ಫಿಲ್ಟರ್ ಪೆಟ್ಟಿಗೆಗೆ ಸೇರುವ ಜಾಯಿಂಟಿನಲ್ಲಿ ಒಂದು ಹನಿಯೂ ಸೋರಬಾರದು. ಕೆಲವು ಗಾಡಿಗಳಲ್ಲಂತೂ ಆ ಕೊಳವೆ ಎಲ್ಲಿಗೂ ಸೇರಿರುವುದೇ ಇಲ್ಲ. ಹೊರಗಿನಿಂದ ಸ್ಕ್ರೂ ಹೊಡೆದು ಕೂರಿಸಿರುತ್ತಾರೆ, ಶೋಗೆ. ಇನ್ನೊಂದು ಇದೆ. ಆಕ್ಸಲ್‌ಗೆ, ಗೇರ್‌ಬಾಕ್ಸಿಗೆ ಬ್ರೀದರ್ ಅಂತ ಸಣ್ಣ ತೂತು ಇರುತ್ತದೆ. ಕಾದ ಡಿಫರೆನ್ಷಿಯಲ್ (ಆಕ್ಸಲ್ ನಡುವಿನ ಗೇರಿನ ಗುಂಡು) ದಿಢೀರನೆ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗಿ ನೀರನ್ನು ಒಳಗೆ ಎಳೆಯುತ್ತದೆ. ಆಮೇಲೆ ಆಯಿಲ್ ತೆಗೆದು ನೋಡಿ, ಹಾಲು ಹಾಕಿದ ಕಾಫಿ ಥರ ಇರುತ್ತದೆ. ಆ ತೂತಿಗೆ ಒಂದು ರಬ್ಬರ್ ಪೈಪು ಸಿಕ್ಕಿಸಿ ಮೇಲಕ್ಕೆ ಎತ್ತಿ ಕಟ್ಟಿದರೆ ಸಾಕು. ಹೆಚ್ಚು ಖರ್ಚೂ ಇಲ್ಲ. ಫೋಟೋದಲ್ಲಿ ಕಾಣುವುದಿಲ್ಲ ಅನ್ನೋದೊಂದೇ ತೊಂದರೆ.

ಭಾರದ ಲೆಕ್ಕ ಇನ್ನೂ ಚೆಂದ. 2023ರಲ್ಲಿ ಬಂದ ಜಿಮ್ನಿ ತೆಗೆದುಕೊಳ್ಳಿ. ಖಾಲಿ ಗಾಡಿ ಸುಮಾರು 1200 ಕೆಜಿ. ಜನ, ಸಾಮಾನು ಎಲ್ಲ ಸೇರಿ 1545 ದಾಟಬಾರದು ಅಂತ ಕಂಪನಿಯ ಲೆಕ್ಕ. 70 ಕೆಜಿಯ ನಾಲ್ವರು ಕೂತರೆ 280 ಹೋಯಿತು. ಉಳಿದದ್ದು 65. ಅದನ್ನು ಮೇಲಿನ ಟೆಂಟೊಂದೇ ಹೆಚ್ಚುಕಡಿಮೆ ತಿಂದು ಮುಗಿಸುತ್ತದೆ. ಉಕ್ಕಿನ ಬಂಪರು, ವಿಂಚು, ಎರಡನೇ ಬ್ಯಾಟರಿ, ಫ್ರಿಜ್ಜು ಎಲ್ಲಾ ಇನ್ನೂ ಬಾಕಿ. ಭಾರಕ್ಕೆ ಸ್ಪ್ರಿಂಗ್ ಕುಸಿಯುತ್ತದೆ, ಅದಕ್ಕೆ ಗಟ್ಟಿ ಸ್ಪ್ರಿಂಗು. ಗಟ್ಟಿ ಸ್ಪ್ರಿಂಗಿಗೆ ಗಾಡಿ ಎರಡಿಂಚು ಎದ್ದು ನಿಲ್ಲುತ್ತದೆ. ಎದ್ದು ನಿಂತ ಮೇಲೆ ಹಳೇ ಟಯರು ಸಪೂರ ಕಾಣುತ್ತದೆ, ಅದಕ್ಕೆ ದೊಡ್ಡ ಟಯರು. ದೊಡ್ಡ ಟಯರಿಗೆ ಇಂಜಿನ್ ಎಳೆಯುವುದಿಲ್ಲ, ಬ್ರೇಕ್ ಸಾಲುವುದಿಲ್ಲ, ಸ್ಪೀಡೋಮೀಟರ್ ಸುಳ್ಳು ಹೇಳುತ್ತದೆ. ತಿರುವು ಬಂದರೆ ಗಾಡಿ ತೊನೆಯುತ್ತದೆ. ಭಾಗಮಂಡಲದ ರಸ್ತೆಯಲ್ಲಿ ತಿರುವಿಗೇನು ಬರವೇ?

ಟೆಂಟಿನ ಮಾತು ಬಂತಲ್ಲ, ಹೇಳಿಯೇ ಬಿಡುತ್ತೇನೆ. ನಮ್ಮ ಪರಿಚಯದ ಹೋಂಸ್ಟೇಯ ಆಂಟಿಯೊಬ್ಬರ ಅಂಗಳಕ್ಕೆ ಜುಲೈ ತಿಂಗಳಲ್ಲಿ ಇಂಥದೊಂದು ಗಾಡಿ ಬಂತು. ಜಡಿಮಳೆ. ಆಂಟಿ ಕೊಡೆ ಹಿಡಿದು ಹೊರಗೆ ಬಂದು, "ಒಳಗೆ ರೂಮು ಉಂಟು, ಬನ್ನಿ ಮಕ್ಕಳೇ, ನೆನೀತೀರಿ" ಅಂದರು. "ಬೇಡ ಆಂಟಿ, ನಾವು ಓವರ್‌ಲ್ಯಾಂಡಿಂಗ್ ಮಾಡ್ತಾ ಇದ್ದೀವಿ." ಗಾಡಿಯಲ್ಲೇ ಉಂಡು ಮಲಗಿ ಊರೂರು ಸುತ್ತುವುದಕ್ಕೆ ಅವರಿಟ್ಟ ಹೆಸರು ಅದು. ಆಂಟಿಗೆ ಯಾವುದೋ ವ್ರತ ಇರಬೇಕು ಅನ್ನಿಸಿತು. ಸುಮ್ಮನಾದರು. ನಡುರಾತ್ರಿ ಬಾಗಿಲು ಬಡಿಯುವ ಸದ್ದು. ತೆರೆದರೆ ನಾಲ್ಕೂ ಜನ ಒದ್ದೆ ಕೋಳಿ. ಒಬ್ಬನ ಕಾಲ್ಬೆರಳ ಸಂದಿಯಲ್ಲಿ ಮೂರು ಜಿಗಣೆ. ಆಂಟಿ ಉಪ್ಪು ಹಾಕಿ ಬಿಡಿಸಿ, ಕಂಬಳಿ ಕೊಟ್ಟು ಮಲಗಿಸಿದರು. ಬೆಳಿಗ್ಗೆ ಮಳೆ ತುಸು ಬಿಟ್ಟಿತು. ಹುಡುಗರು ಗಾಡಿಯ ಹಿಂದಿನ ಬಾಗಿಲು ತೆರೆದು, ಡ್ರಾಯರ್ ಎಳೆದು, ಒಲೆ ಹಚ್ಚಿ ನೂಡಲ್ಸ್ ಬೇಯಿಸಲು ಕೂತರು. ವಿಡಿಯೋ ಮಾಡಬೇಕಲ್ಲ. ಹತ್ತು ಹೆಜ್ಜೆ ಆಚೆ ಅಡುಗೆಮನೆಯಲ್ಲಿ ಆಂಟಿಯ ಕಡುಂಬುಟ್ಟು (ಅಕ್ಕಿ ತರಿಯ ಉಂಡೆ), ಕೋಳಿ ಸಾರು ತಣ್ಣಗಾಗುತ್ತಿತ್ತು. ಆ ವಿಡಿಯೋದಲ್ಲಿ ಕಂಬಳಿ ಇಲ್ಲವಂತೆ, ಜಿಗಣೆ ಮಾತ್ರ ಇದೆಯಂತೆ.

ಗಾಡಿಯ ಮೂತಿಗೆ ಅಡ್ಡ ಕಟ್ಟುವ ಉಕ್ಕಿನ ಕಂಬಿ ಹುಟ್ಟಿದ್ದು ರಸ್ತೆಗೆ ನೆಗೆಯುವ ಕಾಂಗರೂಗಳ ದೇಶದಲ್ಲಿ. ಕೊಡಗಿನಲ್ಲಿ ಕಾಂಗರೂ ಇಲ್ಲ. ಆನೆ ಇದೆ. ಅದರ ಮುಂದೆ ಈ ಕಂಬಿ ಬಟ್ಟೆ ಒಣಹಾಕಲೂ ಉಳಿಯುವುದಿಲ್ಲ. ನೆತ್ತಿಯ ಮೇಲಿನ ಎಲ್‌ಇಡಿ ಪಟ್ಟಿಯದು ಬೇರೆಯೇ ಕಥೆ. ಮಂಜಿನಲ್ಲಿ ಅದನ್ನು ಹಚ್ಚಿದರೆ ಬೆಳಕು ಮಂಜಿಗೆ ಬಡಿದು ಓಡಿಸುವವನ ಕಣ್ಣಿಗೇ ವಾಪಸ್ ಬರುತ್ತದೆ. ಮಂಜಿಗೆ ಬೇಕಾದದ್ದು ಕೆಳಗೆ ಕೂರಿಸಿದ ದೀಪ. ನೆತ್ತಿಯ ಪಟ್ಟಿ ಹಚ್ಚಿದವನಿಗೆ ದಾರಿ ಕಾಣುವುದಿಲ್ಲ, ಎದುರು ಬರುವ ನಮಗೂ ಕಾಣುವುದಿಲ್ಲ. ಸಮಾನತೆ ಅಂದರೆ ಇದೇ ಇರಬೇಕು.

ಕಾನೂನು ಏನು ಮಾಡುತ್ತಿದೆ ಅಂತ ಕೇಳಬೇಡಿ, ಅದಕ್ಕೆ ಬೇಸರವಾಗುತ್ತದೆ. ಕಂಪನಿ ಕೊಟ್ಟ ಗಾಡಿಯ ಮೂಲ ವಿವರ ಬದಲಾಗುವಂತೆ ಏನೂ ಮಾಡಬಾರದು ಅಂತ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ. ಕಂಬಿ ಕಾನೂನುಬಾಹಿರ, ಕ್ರಮ ತಗೊಳ್ಳಿ ಅಂತ 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ರಾಜ್ಯಗಳಿಗೆ ಬರೆಯಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದೇ 52ನೇ ಸೆಕ್ಷನ್ನನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಅಂತ ಬಂತು. ಕಂಬಿ, ಲೈಟು, ಟಯರು, ಸ್ಪ್ರಿಂಗು ಅಂತ ಬೆರಳು ಮಡಚುತ್ತಾ ಹೋಗಿ, ಒಂದು ಕೈ ಸಾಲುವುದಿಲ್ಲ. ಆದರೆ ಇದನ್ನೆಲ್ಲ ಮಾರುವ ಅಂಗಡಿ ಮುಖ್ಯರಸ್ತೆಯಲ್ಲೇ ಇದೆ, ಜಿಎಸ್‌ಟಿ ಬಿಲ್ಲೂ ಕೊಡುತ್ತದೆ. ತೆರಿಗೆ ತಗೊಳ್ಳುವ ಕೈ ಒಂದು, ದಂಡ ಹಾಕಬೇಕಾದ ಕೈ ಇನ್ನೊಂದು. ಅವೆರಡಕ್ಕೂ ಪರಸ್ಪರ ಪರಿಚಯವೇ ಇಲ್ಲ. ತಪಾಸಣೆಗೆ ನಿಂತವರು ಗಾಡಿಯನ್ನು ಒಂದು ಸುತ್ತು ಹಾಕಿ, "ಎಷ್ಟಾಯ್ತು ಸಾರ್ ಇದಕ್ಕೆಲ್ಲ?" ಅಂತ ಕೇಳಿ ಬಿಟ್ಟುಬಿಡುತ್ತಾರೆ. ಹಿಂದೆಯೇ ಬಂದ, ತೋಟದ ಕೆಲಸದವರನ್ನು ತುಂಬಿಕೊಂಡ ಪಿಕಪ್ಪಿಗೆ ಮಾತ್ರ ಕೈ ಅಡ್ಡ ಬರುತ್ತದೆ.

ಈಗ ವಿಂಚು. ಗಾಡಿಯ ಮೂತಿಯಲ್ಲಿ ಕರೆಂಟಿನ ರಾಟೆ, ಅದಕ್ಕೆ ಸುತ್ತಿದ ಉಕ್ಕಿನ ಹಗ್ಗ. ಹಗ್ಗದ ತುದಿಯನ್ನು ಗಟ್ಟಿಯಾದದ್ದಕ್ಕೆ ಸಿಕ್ಕಿಸಿದರೆ ಗಾಡಿ ತನ್ನನ್ನು ತಾನೇ ಎಳೆದುಕೊಳ್ಳುತ್ತದೆ. ಕೊಡಗಿನಲ್ಲಿ ಗಟ್ಟಿಯಾದದ್ದು ಅಂದರೆ ತೋಟದ ಅಂಚಿನ ಸಿಲ್ವರ್ ಮರ. ಆ ಮರಕ್ಕೆ ಹಬ್ಬಿದ್ದು ಮೆಣಸಿನ ಬಳ್ಳಿ.

ನಮ್ಮ ಪಕ್ಕದ ತೋಟದಲ್ಲಿ ಆದದ್ದು ಇದು. ಕೆಸರಿನಲ್ಲಿ ಹೂತ ಗಾಡಿಯೊಂದಿತ್ತು, ಹೋಗಿ ನೋಡುವಷ್ಟರಲ್ಲಿ ಅದರ ಹಗ್ಗ ಬಳ್ಳಿಯ ಮೇಲೆಯೇ ಒಂದು ಸುತ್ತು ಬಂದು ಬಿಗಿದಿತ್ತು. ಆಗಷ್ಟೇ ಹೂ ಬಿಡುತ್ತಿದ್ದ ಬಳ್ಳಿ. ಎದೆಮಟ್ಟದಲ್ಲಿ ಕಾಂಡ ಜಜ್ಜಿ ನಾರು ನಾರಾಗಿ ಹಸಿರು ರಸ ಇಳಿಯುತ್ತಿತ್ತು.

"ಮರಕ್ಕೇನೂ ಆಗಲ್ಲ ಅಂಕಲ್" ಅಂದ ಹುಡುಗ.

"ಮರಕ್ಕೆ ಆಗಲ್ಲ ಮಾರಾಯ. ಬಳ್ಳಿಗೆ?"

"ಮತ್ತೆ ಬೆಳೆಯುತ್ತೆ ಅಲ್ವಾ?"

ಬೆಳೆಯುತ್ತದೆ. ಹೊಸ ಬಳ್ಳಿ ಕಾಯಿ ಹಿಡಿಯಲು ಮೂರು ವರ್ಷ, ತುಂಬು ಫಸಲಿಗೆ ಏಳೆಂಟು. ಮರಕ್ಕೆ ಸುತ್ತುವ ಅಗಲ ಪಟ್ಟಿ ಇಲ್ಲವೇನಪ್ಪ ಅಂತ ಕೇಳಿದೆ. ಇತ್ತು. ಪ್ಲಾಸ್ಟಿಕ್ ಕವರಿನಲ್ಲೇ ಇತ್ತು. "ಹೊಸದು ಅಂಕಲ್, ಕೆಸರಾಗುತ್ತೆ." ಸುತ್ತ ಆರು ಜನ ಬಿಗಿದ ಹಗ್ಗದ ಪಕ್ಕದಲ್ಲೇ ಮೊಬೈಲ್ ಹಿಡಿದು ನಿಂತಿದ್ದರು. ಹಗ್ಗ ತುಂಡಾದರೆ ಕಾಲು ಹೋಗುತ್ತದೆ, ಮೇಲೊಂದು ಒದ್ದೆ ಗೋಣಿ ಹಾಕಬೇಕು ಅಂತ ಯಾರಿಗೂ ಗೊತ್ತಿದ್ದಂತಿರಲಿಲ್ಲ.

ಅಷ್ಟರಲ್ಲಿ ಪ್ರವಾಸಿಗರನ್ನು ಮಾಂದಲಪಟ್ಟಿ ಗುಡ್ಡಕ್ಕೆ ಹತ್ತಿಸುವ ಜೀಪಿನವನೊಬ್ಬ ಬಂದ. ಗಾಡಿಯ ಸುತ್ತ ಒಮ್ಮೆ ನಡೆದ. "ಎಂತಕ್ಕೆ ಸಾರ್ ಇದೆಲ್ಲ?" ಅಂದವನೇ ಕೂತು, ಒಂದು ಕಡ್ಡಿಯಿಂದ ವಾಲ್ವ್ ಒತ್ತಿ ನಾಲ್ಕೂ ಟಯರಿನ ಗಾಳಿ ಅರ್ಧಕ್ಕೆ ಇಳಿಸಿದ. ಟಯರು ಅಗಲವಾಗಿ ನೆಲ ಹಿಡಿಯಿತು. ನಾಲ್ಕೂ ಚಕ್ರ ನಿಧಾನಕ್ಕೆ ಬಲವಾಗಿ ಎಳೆಯುವ ಗೇರು, ಫೋರ್ ಲೋಗೆ ಹಾಕಿ ನಿಧಾನಕ್ಕೆ ಬಿಡಿ ಅಂದ. ಗಾಡಿ ಎದ್ದು ಬಂತು. ಅವನ ಜೀಪು ಹಳೇ ಎಂಎಂ 540. ಹೊಸದರಲ್ಲೇ ಅರವತ್ತು ಚಿಲ್ಲರೆ ಕುದುರೆ ಶಕ್ತಿ, ಈಗ ಎಷ್ಟು ಕುದುರೆ ಬದುಕಿವೆಯೋ. ಅದಕ್ಕಿರುವ ಮಾಡಿಫಿಕೇಷನ್ ಅಂದರೆ ಕೆಸರಿಗೆ ಟಯರಿಗೆ ಸುತ್ತುವ ಚೈನು. ಹುಡುಗರು ಅವನೊಂದಿಗೆ ಸೆಲ್ಫಿ ತೆಗೆದುಕೊಂಡರು. ಬಳ್ಳಿಯ ದುಡ್ಡು ಫೋನಿನಲ್ಲೇ ಕಳಿಸಲು ಹೋದರು, ನೆಟ್‌ವರ್ಕ್ ಇಲ್ಲ. ಮಡಿಕೇರಿ ಮುಟ್ಟಿದ ತಕ್ಷಣ ಹಾಕ್ತೀವಿ ಅಂದರು. ಮಡಿಕೇರಿ ಇನ್ನೂ ಮುಟ್ಟಿಲ್ಲ.

ತಮಾಷೆ ಸಾಕು. ಗುಡ್ಡದ ಹುಲ್ಲಿನ ಮೇಲೆ ಒಂದು ಗಾಡಿ ದಾರಿ ಬಿಟ್ಟು ಹೋದರೆ ಎರಡು ಗೆರೆ ಬೀಳುತ್ತದೆ. ಮರುವಾರ ಹತ್ತು ಗಾಡಿ ಅದೇ ಗೆರೆ ಹಿಡಿಯುತ್ತವೆ. ಜೂನ್ ಬಂದರೆ ಅದು ನೀರಿನ ದಾರಿ. ಮಣ್ಣು ಕೊಚ್ಚಿ ಕೆಳಗಿನವರ ಗದ್ದೆಗೆ ಇಳಿಯುತ್ತದೆ. ನೀರು ಗುಡ್ಡದಲ್ಲಿ ತನ್ನ ದಾರಿ ತಾನೇ ಮಾಡಿಕೊಂಡರೆ ಏನಾಗುತ್ತದೆ ಅನ್ನೋದನ್ನು 2018ರ ಆಗಸ್ಟಿನ ಭೂಕುಸಿತದಲ್ಲಿ ಮಕ್ಕಂದೂರಿನವರು, ಜೋಡುಪಾಲದವರು ಕಣ್ಣಾರೆ ಕಂಡಿದ್ದಾರೆ. ಅವರ ಮುಂದೆ ಹೋಗಿ ನಿಮ್ಮ ಸ್ಟಿಕ್ಕರ್ ತೋರಿಸಿ, "ರಸ್ತೆ ಮುಗಿದಲ್ಲಿ ನಮ್ಮ ಪಯಣ ಶುರು" ಅಂತ.

ರಸ್ತೆ ಮುಗಿದಲ್ಲಿ ನಮ್ಮ ಜನ ಇದ್ದಾರೆ ಸ್ವಾಮಿ. ಆದಿವಾಸಿಗಳ ಹಾಡಿಗಳಿವೆ. ಮಳೆಗಾಲದಲ್ಲಿ ಆಂಬುಲೆನ್ಸ್ ಡಾಂಬರು ಮುಗಿಯುವಲ್ಲೇ ನಿಂತುಬಿಡುವ ಕಡೆ, ಹೆರಿಗೆ ನೋವು ಬಂದ ಹೆಂಗಸನ್ನು ಚೈನು ಕಟ್ಟಿದ ಅದೇ ಹಳೇ ಜೀಪಿನಲ್ಲಿ ಕೂರಿಸಿ ಕೆಸರಿನಲ್ಲಿ ಇಳಿಸುತ್ತಾರೆ. ಅಲ್ಲಿ ಡ್ರೋನ್ ಹಾರುವುದಿಲ್ಲ. ದಾರಿ ಮಾಡಿಕೊಡಿ ಅಂತ ಕೇಳಿದರೆ ಅಧಿಕಾರಿಗಳು ಅಂದಾಜುಪಟ್ಟಿ ಕಳಿಸಿದ್ದೇವೆ ಅನ್ನುತ್ತಾರೆ. ಪ್ರತಿ ವರ್ಷ ಕಳಿಸುತ್ತಾರೆ. ಆ ಜೀಪಿಗೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮುಗಿದಿದ್ದರೆ ಮಾತ್ರ ದಂಡದ ರಸೀದಿ ಅವತ್ತೇ ಸಿಗುತ್ತದೆ.