25 ವರ್ಷಗಳ ದಿಢೀರ್ ಪ್ರವಾಸ

ಬಹುಮಾನ ಬರುತ್ತದೆಂದು ಗೊತ್ತಿದ್ದರೆ ಆ ದಿನ ಪೆಟ್ರೋಲ್ ಹಾಕಿಸುತ್ತಲೇ ಇರಲಿಲ್ಲ. ಬಂಕಿನಲ್ಲಿ ಟೈ ಕಟ್ಟಿದ ಹುಡುಗನೊಬ್ಬ ಕೂಪನ್ ಪುಸ್ತಕ ಹಿಡಿದು ನಿಂತಿದ್ದ. ಹೆಸರು, ಮೊಬೈಲ್ ನಂಬರು, ಮದುವೆಯಾಗಿದೆಯೇ, ಸ್ವಂತ ಕಾರಿದೆಯೇ, ಕ್ರೆಡಿಟ್ ಕಾರ್ಡ್ ಇದೆಯೇ, ಇಷ್ಟು ಬರೆದುಕೊಟ್ಟರೆ ಅದೃಷ್ಟ ತಾನಾಗಿಯೇ ಹುಡುಕಿಕೊಂಡು ಬರುತ್ತದೆ ಎಂದ. ಹೆಣ್ಣು ನೋಡಲು ಹೋದಾಗ ನನ್ನ ಮಾವನವರು ಕೂಡ ಇಷ್ಟು ವಿಚಾರಿಸಿರಲಿಲ್ಲ. ಮೂರನೆಯ ದಿನಕ್ಕೆ ಫೋನು ಬಂತು: "ಅಭಿನಂದನೆಗಳು ಸರ್, ಸಾವಿರಾರು ಜನರಲ್ಲಿ ನಿಮ್ಮನ್ನು ಆರಿಸಿದ್ದೇವೆ." ಮೂರು ರಾತ್ರಿ, ನಾಲ್ಕು ಹಗಲು ಉಚಿತ ವಾಸ್ತವ್ಯ. ಜೊತೆಗೊಂದು ಇಂಡಕ್ಷನ್ ಒಲೆ. ಷರತ್ತು ಒಂದೇ, ಗಂಡ ಹೆಂಡತಿ ಇಬ್ಬರೂ ಬಂದು ತೊಂಬತ್ತು ನಿಮಿಷ ಕೂರಬೇಕು.

ಸತ್ಯನಾರಾಯಣ ಪೂಜೆ ಮತ್ತು ಕನ್ಯಾದಾನ ಬಿಟ್ಟರೆ, ದಂಪತಿ ಸಮೇತರಾಗಿಯೇ ಬರಬೇಕೆಂದು ಇಷ್ಟು ಒತ್ತಾಯಿಸುವ ಕಾರ್ಯ ನಮ್ಮಲ್ಲಿ ಇನ್ನೊಂದಿಲ್ಲ. ಇದರ ಮರ್ಮ ನನಗೆ ಆಮೇಲೆ ತಿಳಿಯಿತು. ಒಬ್ಬನೇ ಬಂದವನು "ಮನೆಯಲ್ಲಿ ಕೇಳಿ ಹೇಳುತ್ತೇನೆ" ಎಂದು ಜಾರಿಕೊಳ್ಳುತ್ತಾನೆ. ನಮ್ಮ ಗಂಡಸರ ಬತ್ತಳಿಕೆಯಲ್ಲಿ ಉಳಿದಿರುವ ಏಕೈಕ ಬ್ರಹ್ಮಾಸ್ತ್ರ ಅದು. ಅದನ್ನು ಬಾಗಿಲಲ್ಲೇ ಕಿತ್ತಿಟ್ಟುಕೊಳ್ಳುತ್ತಾರೆ.

ಬಿಟ್ಟಿ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎನ್ನುವ ವಂಶ ನಮ್ಮದು. ಭಾನುವಾರ ಹನ್ನೊಂದಕ್ಕೆ ಹೋದೆವು. ಹೋಟೆಲಿನ ಸಭಾಂಗಣದಲ್ಲಿ ಹತ್ತಿಪ್ಪತ್ತು ದುಂಡು ಮೇಜು, ಪ್ರತಿ ಮೇಜಿಗೂ ಒಂದು ದಂಪತಿ, ಎದುರಿಗೊಬ್ಬ ನಗುಮುಖದವರು. ನಮ್ಮ ಪಾಲಿಗೆ ಬಂದ ಹುಡುಗಿ ವ್ಯವಹಾರದ ಮಾತೇ ಎತ್ತಲಿಲ್ಲ. ನಿಮ್ಮ ಊರು ಯಾವುದು, ಮಕ್ಕಳು ಏನು ಮಾಡುತ್ತಿದ್ದಾರೆ, ಕೊನೆಯ ಬಾರಿ ಮೇಡಂ ಜೊತೆ ಸೂರ್ಯಾಸ್ತ ನೋಡಿದ್ದು ಯಾವಾಗ ಎಂದೆಲ್ಲ ಕೇಳಿದಳು. ನಾನು ತಲೆ ಕೆರೆದುಕೊಂಡೆ. ನನ್ನ ಹೆಂಡತಿ, "ಹೋದ ವರ್ಷ ಇವರ ಸೋದರತ್ತೆಯ ವೈಕುಂಠ ಸಮಾರಾಧನೆಗೆ ಹೋಗಿದ್ದೆವಲ್ಲ, ವಾಪಸು ಬರುವಾಗ ಬಸ್ಸಿನ ಕಿಟಕಿಯಲ್ಲಿ ಕಂಡಿತ್ತು" ಎಂದಳು. ಹುಡುಗಿ ತನ್ನ ಹಾಳೆಯ ಮೇಲೆ 'ಪ್ರವಾಸ: 1' ಎಂದು ಬರೆದುಕೊಂಡಳು.

ಆಮೇಲೆ ಪಾಯಿಂಟ್ ಪುರಾಣ ಶುರುವಾಯಿತು. ಅವರು ಮಾರಲು ಕೂತಿದ್ದು ಟೈಮ್‌ಶೇರ್, ಅಂದರೆ ಮೊದಲೇ ದುಡ್ಡು ಕಟ್ಟಿ ರೆಸಾರ್ಟುಗಳಲ್ಲಿ ವರ್ಷವರ್ಷವೂ ಕೆಲವು ದಿನ ತಂಗುವ ಹಕ್ಕು. ಆ ಹಕ್ಕನ್ನು ಈಗ ಪಾಯಿಂಟಿನಲ್ಲಿ ಅಳೆಯುತ್ತಾರೆ. ಹಿಂದಿನ ಕಾಲದ ಟೈಮ್‌ಶೇರ್ ಎಂದರೆ ಒಂದೇ ಊರು, ಒಂದೇ ಕೋಣೆ, ವರ್ಷದ ಒಂದೇ ವಾರ. ಅದು ಬೇಸರ ಬಂದವರು ಪರಸ್ಪರ ವಾರಗಳನ್ನು ಬದಲಾಯಿಸಿಕೊಳ್ಳಲೆಂದೇ 1974ರಲ್ಲಿ ಅಮೆರಿಕದಲ್ಲಿ ಆರ್‌ಸಿಐ ಎಂಬ ವಿನಿಮಯ ಕಂಪನಿ ಹುಟ್ಟಿತು. ಪಾಯಿಂಟ್ ಎಂಬ ಯೋಚನೆ ಅದಕ್ಕೂ ಹಳೆಯದು. 1963ರಲ್ಲಿ ಸ್ವಿಟ್ಜರ್‌ಲೆಂಡಿನಲ್ಲಿ ಆರಂಭವಾದ ಹ್ಯಾಪಿಮ್ಯಾಗ್ ಎಂಬ ಸಂಸ್ಥೆ ಸದಸ್ಯರಿಗೆ ಕೊಟ್ಟದ್ದು ಕೋಣೆಯ ಬದಲು ಪಾಯಿಂಟನ್ನು. 1991ರಲ್ಲಿ ಡಿಸ್ನಿ ಕೂಡ ಇದೇ ದಾರಿ ಹಿಡಿಯಿತು. ಗಡಿಯಾರ ಮಾಡುವ ಸ್ವಿಸ್ ಜನ ಕಾಲವನ್ನು ಕತ್ತರಿಸಿ ಮಾರಿದರೆ ಆಶ್ಚರ್ಯವೇನಿಲ್ಲ. ನನಗೆ ಅರ್ಥವಾಗದ್ದು, ದುಡ್ಡಿಗೆ ದುಡ್ಡು ಎಂಬ ಹೆಸರಿದ್ದಾಗ ನಮಗೇನು ಕಷ್ಟವಾಗಿತ್ತು ಎಂಬುದು. ರೂಪಾಯಿಯಲ್ಲಿ ಹೇಳಿದರೆ "ಇಷ್ಟೊಂದೇ?" ಎಂದು ಹುಬ್ಬೇರಿಸುವ ಮನುಷ್ಯ ಪಾಯಿಂಟಿನಲ್ಲಿ ಹೇಳಿದರೆ ತಲೆಯಾಡಿಸುತ್ತಾನೆ. ಜಾತ್ರೆಯಲ್ಲಿ ತೊಟ್ಟಿಲು ಹತ್ತಲು ಟೋಕನ್ ಕೊಳ್ಳುವುದಿಲ್ಲವೇ, ಹಾಗೆ. ಟೋಕನ್ ಕೈಗೆ ಬಂದಮೇಲೆ ಅದು ಖರ್ಚಿನಂತೆ ಕಾಣುವುದಿಲ್ಲ.

"ಪಾಯಿಂಟ್ ಎಂದರೆ ಸ್ವಾತಂತ್ರ್ಯ, ಸರ್" ಎಂದಳು ಹುಡುಗಿ. "ಗುರುವಾರ ಸಂಜೆ ಮನಸ್ಸು ಬಂತು, ಶುಕ್ರವಾರ ಹೊರಟಿರಿ. ಎರಡು ದಿನದ ಚಿಕ್ಕ ಪ್ರವಾಸಗಳಿಗೆಂದೇ ಮಾಡಿದ ಯೋಜನೆ."

ನಾಲ್ಕು ಲಕ್ಷ ರೂಪಾಯಿಗೆ 25 ವರ್ಷಗಳ ಸದಸ್ಯತ್ವ, ವರ್ಷಕ್ಕೆ 7,000 ಪಾಯಿಂಟ್. ನನಗೀಗ 56. ಸದಸ್ಯತ್ವ ಮುಗಿಯುವ ಹೊತ್ತಿಗೆ 81. ಕರಪತ್ರದ ಚಿತ್ರದಲ್ಲಿ ಒಬ್ಬ ಹಗ್ಗಕ್ಕೆ ಜೋತುಬಿದ್ದು ಕಣಿವೆ ದಾಟುತ್ತಿದ್ದ. ನಾನು ಆ ವಯಸ್ಸಿನಲ್ಲಿ ದಾಟುವ ಕಣಿವೆಗೆ ಹಗ್ಗ ಬೇಕಾಗಲಿಕ್ಕಿಲ್ಲ.

ಪಾಯಿಂಟ್ ಕೋಷ್ಟಕವನ್ನು ನಾನೇ ಕೇಳಿ ತೆಗೆಸಿಕೊಂಡೆ. ಅವಳಿಗೆ ಇಷ್ಟವಿರಲಿಲ್ಲ. ಋತುಗಳಿಗೆ ಬಣ್ಣ ಬಳಿದಿದ್ದರು: ಕೆಂಪು, ಬಿಳಿ, ನೀಲಿ. ವಸಂತ, ಗ್ರೀಷ್ಮ ಎಂದು ಆರು ಋತು ಎಣಿಸುತ್ತಿದ್ದ ನಾಡಿಗೆ ಈಗ ಉಳಿದಿರುವುದು ಮೂರು. ಶಾಲೆಗೆ ರಜೆ ಇರುವ ಋತು, ರಜೆ ಇಲ್ಲದ ಋತು, ಯಾರೂ ಬರದ ಋತು. ಕೆಂಪು ಋತುವಿನ ಶುಕ್ರವಾರ, ಶನಿವಾರ ಒಂದು ರಾತ್ರಿಗೆ 2,400 ಪಾಯಿಂಟ್. ನೀಲಿ ಋತುವಿನ ಮಂಗಳವಾರಕ್ಕೆ 600. ಕೂಡಿಸಿದೆ. ಕೆಂಪಿನಲ್ಲಿ ಎರಡು ರಾತ್ರಿ ಮಲಗಿದರೆ 4,800 ಹೋಗುತ್ತದೆ. ಉಳಿದ 2,200ರಲ್ಲಿ ಮೂರನೆಯ ರಾತ್ರಿ ಬಾರದು. ಮೂರನೆಯ ರಾತ್ರಿ ಹತ್ತೂವರೆಯವರೆಗೆ ಮಲಗಿ ಎದ್ದು ಬರಬಹುದೇ ಎಂದು ಕೇಳಿದೆ. "ಸರ್ ತುಂಬ ತಮಾಷೆಯಾಗಿ ಮಾತನಾಡುತ್ತಾರೆ" ಎಂದು ನನ್ನ ಹೆಂಡತಿಗೆ ಹೇಳಿದಳು.

ಇನ್ನು ಗುರುವಾರ ಮನಸ್ಸು ಬಂದು ಶುಕ್ರವಾರ ಹೊರಡುವ ವಿಚಾರ. ಸಾಲು ರಜೆ ಬರುವ ವಾರಾಂತ್ಯಕ್ಕೆ ಕೋಣೆ ಬೇಕಿದ್ದರೆ ಒಂಬತ್ತು ತಿಂಗಳು ಮೊದಲೇ ಕಾದಿರಿಸಬೇಕು. ಒಂಬತ್ತು ತಿಂಗಳಿಗೆ ಬೇರೆ ಮನೆಗಳಲ್ಲಿ ಕೂಸು ಹುಟ್ಟುತ್ತದೆ, ಇಲ್ಲಿ ಒಂದು ಶನಿವಾರ ಹುಟ್ಟುತ್ತದೆ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದವರನ್ನು ನೋಡಿ ಹಿರಿಯರು ನಕ್ಕರು. ಆ ಗಾದೆಯನ್ನೇ ಕಾದಿರಿಸುವ ನಿಯಮವಾಗಿ ಮಾಡಿಕೊಂಡ ಉದ್ಯಮವನ್ನು ಅವರು ಕಂಡಿರಲಿಲ್ಲ. ಚಿಕ್ಕ ಪ್ರವಾಸ ಎಂದರೆ ಏನು? ಮಳೆ ಬಂತು, ಮೇಲಧಿಕಾರಿ ಊರಲ್ಲಿಲ್ಲ, ಪಕ್ಕದ ಮನೆಯವರಿಗೆ ಕೀಲಿ ಕೊಟ್ಟು ಹೊರಟುಬಿಡುವುದು. ಆ ಹೊರಟುಬಿಡುವ ಉಮೇದನ್ನು ನನಗೆ 25 ವರ್ಷಕ್ಕೆ ಒಟ್ಟಿಗೆ, ಮುಂಗಡವಾಗಿ, ಕಂತಿನಲ್ಲಿ ಮಾರಲು ಹೊರಟಿದ್ದರು.

ನಮ್ಮ ವಸತಿ ಸಮುಚ್ಚಯದ ಮೂರನೆಯ ಮಹಡಿಯಲ್ಲಿ ಇಂಥ ಸದಸ್ಯರೊಬ್ಬರಿದ್ದಾರೆ. ಎಂಟು ವರ್ಷದಿಂದ ಅವರು ರಜೆ ಅನುಭವಿಸುತ್ತಿಲ್ಲ, ರಜೆ ತೀರಿಸುತ್ತಿದ್ದಾರೆ. ಮಾರ್ಚ್ ಬಂತೆಂದರೆ ಪಾಯಿಂಟ್ ಸಾಯುತ್ತದೆಂದು ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ಮುನ್ನಾರಿಗೆ ಹೋಗುತ್ತೀರಾ ಎಂದು ಕೇಳುತ್ತಾರೆ. ಒಂದು ವರ್ಷ 102 ಡಿಗ್ರಿ ಜ್ವರವಿದ್ದರೂ ಊಟಿಗೆ ಹೋಗಿ, ಮೂರು ದಿನ ಕಂಬಳಿ ಹೊದ್ದು ಗಂಜಿ ಕುಡಿದು ಬಂದರು. "ವೇಸ್ಟ್ ಆಗುತ್ತಿತ್ತು" ಎಂಬುದು ಅವರ ಸಮಜಾಯಿಷಿ. ಅವರಿಗೆ ಗೋವಾ ಬೇಕಿತ್ತು. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡ. ಪಾಯಿಂಟ್ ಇದ್ದರೂ ಕೋಣೆ ಕೊಡುವ ಮೊಬೈಲ್ ಆ್ಯಪ್ ಕೊಡುವುದಿಲ್ಲ.

ಅಷ್ಟರಲ್ಲಿ ನನ್ನ ಹೆಂಡತಿ ಕೈಚೀಲದಿಂದ ದಿನಸಿ ಚೀಟಿ ತೆಗೆದು ಅದರ ಹಿಂಬದಿಯಲ್ಲಿ ಲೆಕ್ಕ ಹಾಕುತ್ತಿದ್ದಳು. ನಾಲ್ಕು ಲಕ್ಷವನ್ನು ಬ್ಯಾಂಕಿನಲ್ಲಿ ಶೇಕಡಾ ಆರೂವರೆಗೆ ಇಟ್ಟರೆ ವರ್ಷಕ್ಕೆ 26,000 ಬಡ್ಡಿ. ಇಲ್ಲಿ ವಾರ್ಷಿಕ ನಿರ್ವಹಣಾ ಶುಲ್ಕ 20,000, ಮೇಲೆ ಶೇಕಡಾ 18 ಜಿಎಸ್‌ಟಿ ಸೇರಿ 23,600. ಹೋಗಲಿ, ಬಿಡಲಿ, ಕಟ್ಟಲೇಬೇಕು. ಎರಡೂ ಸೇರಿ 49,600. ಎಲ್ಲ ಪಾಯಿಂಟನ್ನೂ ಮಳೆಗಾಲದ ಮಂಗಳವಾರಗಳ ಮೇಲೆ ಸುರಿದರೆ ಹನ್ನೊಂದು ರಾತ್ರಿ, ಒಂದೊಂದಕ್ಕೆ ಸುಮಾರು 4,500 ರೂಪಾಯಿ. ಊಟ ಬೇರೆ. ಮಂಗಳವಾರ ಮಳೆಯಲ್ಲಿ ಅಂಥದೇ ಕೋಣೆಯನ್ನು ಯಾವ ಸದಸ್ಯತ್ವವೂ ಇಲ್ಲದೆ ಹೋಗಿ ಕೇಳಿದರೆ, ಅರ್ಧ ಬೆಲೆಗೆ ಕೊಟ್ಟು ಬೆಳಗಿನ ಇಡ್ಲಿಯನ್ನೂ ಹಾಕುತ್ತಾರೆ. ಮೇಲಾಗಿ, ದಿನಕ್ಕೆ 7,500 ರೂಪಾಯಿ ಮೀರದ ಹೋಟೆಲ್ ಕೋಣೆಯ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇಕಡಾ 12ರಿಂದ 5ಕ್ಕೆ ಇಳಿದಿದೆ. ಅಂದರೆ ದಾರಿಹೋಕನಿಗೆ 5, 'ಮಾಲೀಕ' ಎನಿಸಿಕೊಂಡ ಸದಸ್ಯನಿಗೆ 18. ಅಷ್ಟೂ ಸಾಲದೆಂದು ನಿರ್ವಹಣಾ ಶುಲ್ಕ ಪ್ರತಿ ವರ್ಷ ಏರುತ್ತದೆ. ಶೇಕಡಾ ಆರರಂತೆ ಏರಿದರೂ 25ನೆಯ ವರ್ಷಕ್ಕೆ ಜಿಎಸ್‌ಟಿ ಸೇರಿ 95 ಸಾವಿರ ದಾಟುತ್ತದೆ. ಮೂಗಿಗಿಂತ ಮೂಗುತಿ ಭಾರ. ಬ್ಯಾಂಕಿನಲ್ಲಿಟ್ಟ ನಾಲ್ಕು ಲಕ್ಷ ಕೊನೆಗೆ ಹಾಗೆಯೇ ಉಳಿಯುತ್ತದೆ. ಇಲ್ಲಿ ಉಳಿಯುವುದು ನನ್ನ ಹೆಸರಿನ ಕಾಗುಣಿತ ತಪ್ಪಿರುವ ಒಂದು ಪ್ಲಾಸ್ಟಿಕ್ ಕಾರ್ಡು.

ತೊಂಬತ್ತು ನಿಮಿಷ ಕಳೆದು ಎರಡು ಗಂಟೆಯಾಗಿತ್ತು. ನಡುನಡುವೆ ಎಲ್ಲೋ ಗಂಟೆ ಬಾರಿಸುತ್ತಿತ್ತು. ಯಾರೋ ಸಹಿ ಹಾಕಿದರು, ಎಲ್ಲರೂ ಚಪ್ಪಾಳೆ ತಟ್ಟಬೇಕು. ನಾನೂ ತಟ್ಟಿದೆ. ಬಲಿಪೀಠದ ಬಳಿ ಸಾಲಿನಲ್ಲಿ ನಿಂತ ಕುರಿ, ಮುಂದಿನ ಕುರಿಗೆ ತಟ್ಟುವಂತೆ.

ಮ್ಯಾನೇಜರ್ ಬಂದರು. ನಮ್ಮಂಥ ಸಂಸ್ಕಾರವಂತರಿಗೆಂದು ಒಂದು ಲಕ್ಷ ಇಳಿಸಿದರು. ಇವತ್ತು ಮಾತ್ರ, ಇಲ್ಲಿ ಮಾತ್ರ, ಮಧ್ಯಾಹ್ನ ಮೂರರ ಒಳಗೆ ಮಾತ್ರ. "ನಾಳೆ ಯೋಚಿಸಿ ಹೇಳಿದರೆ?" ಎಂದೆ. ಅವರ ಮುಖ ಬಾಡಿತು. ನಾಳೆಯೊಂದನ್ನು ಬಿಟ್ಟು ಮುಂದಿನ 25 ವರ್ಷಗಳ ಎಲ್ಲ ದಿನಗಳನ್ನೂ ಮಾರಲು ಅವರು ಸಿದ್ಧರಿದ್ದರು.

ಈ 'ನಾಳೆ'ಯ ಬೆಲೆ ಯುರೋಪಿನವರಿಗೆ ಗೊತ್ತಾಗಿದೆ. ಅಲ್ಲಿ ಯುರೋಪಿಯನ್ ಒಕ್ಕೂಟದ 2008ರ ನಿರ್ದೇಶನದಂತೆ ಟೈಮ್‌ಶೇರ್ ಕೊಂಡವರಿಗೆ ಮನಸ್ಸು ಬದಲಾಯಿಸಲು 14 ದಿನಗಳ ಅವಕಾಶವಿದೆ. ಕಾರಣ ಹೇಳಬೇಕಿಲ್ಲ. ಆ ಅವಧಿಯಲ್ಲಿ ಮಾರುವವರು ಮುಂಗಡವನ್ನೇ ಮುಟ್ಟುವಂತಿಲ್ಲ. ಅಮೆರಿಕದ ಫ್ಲಾರಿಡಾದಲ್ಲಿ ಹತ್ತು ದಿನ. ನಮ್ಮಲ್ಲಿ ಇದಕ್ಕೆಂದೇ ಪ್ರತ್ಯೇಕ ಕಾನೂನಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅನ್ಯಾಯದ ಕರಾರು ಎಂದರೇನೆಂದು ವಿವರಿಸಿದ್ದಾರೆ, ದೂರು ಕೊಡಬಹುದು. ಆದರೆ ಕಾರ್ಡು ಉಜ್ಜುವುದಕ್ಕೆ ಎರಡು ಸೆಕೆಂಡು ಸಾಕು, ಗ್ರಾಹಕ ಆಯೋಗದ ಮೆಟ್ಟಿಲು ಹತ್ತುವುದಕ್ಕೆ ಮೊಣಕಾಲು ಗಟ್ಟಿಯಿರಬೇಕು.

ಆಗ ನನ್ನ ಹೆಂಡತಿ ದಿನಸಿ ಚೀಟಿ ಮಡಚಿ, ಆ ಹೊತ್ತಿನಲ್ಲಿ ಮೊದಲ ಬಾರಿಗೆ ನೇರವಾಗಿ ಮ್ಯಾನೇಜರನ್ನು ನೋಡಿದಳು. "ಇದು ಆಸ್ತಿ ಎಂದಿರಲ್ಲ. ನಾಡಿದ್ದು ಬೇಡವಾದರೆ ಎಷ್ಟಕ್ಕೆ ವಾಪಸು ಕೊಳ್ಳುತ್ತೀರಿ?"

ಎ.ಸಿ.ಯ ಸದ್ದು ಕೇಳಿಸಿತು.

"ಚಿನ್ನದಂಗಡಿಯವರು ಮುರಿದ ಬಳೆಗೂ ವೇಸ್ಟೇಜ್ ಕಳೆದು ದುಡ್ಡು ಕೊಡುತ್ತಾರೆ. ಹಳೆ ಪೇಪರಿನವನೂ ಕೊಡುತ್ತಾನೆ."

ಮ್ಯಾನೇಜರ್ ಎದ್ದುಹೋದರು. ಹುಡುಗಿಯ ಮುಖದಲ್ಲಿದ್ದ ನಗು ಮುಂದಿನ ಮೇಜಿಗೆ ವರ್ಗವಾಯಿತು. ನಮಗೊಂದು ಲಕೋಟೆ ಕೊಟ್ಟು ಹಿಂಬಾಗಿಲಿನಿಂದ ಕಳಿಸಿದರು; ಮುಂಬಾಗಿಲಲ್ಲಿ ಹೊಸ ದಂಪತಿಗಳು ಬರುತ್ತಿದ್ದರು, ನಮ್ಮ ಮುಖ ಅವರ ಕಣ್ಣಿಗೆ ಬೀಳಬಾರದಷ್ಟೇ. ಲಕೋಟೆಯೊಳಗಿನ ಉಚಿತ ವಾಸ್ತವ್ಯವನ್ನು ಮೂವತ್ತು ದಿನಗಳಲ್ಲಿ ಬಳಸಬೇಕು, ಶುಕ್ರ, ಶನಿ, ಭಾನುವಾರ ಹೊರತುಪಡಿಸಿ, ಆಡಳಿತ ಶುಲ್ಕ 3,499, ಊಟ ಅಲ್ಲಿಯೇ ಕಡ್ಡಾಯ. ಒಲೆಯನ್ನು ಕೊರಿಯರ್ ಮಾಡುತ್ತೇವೆ ಎಂದಿದ್ದರು. ನಾವಿನ್ನೂ ಗ್ಯಾಸಿನ ಮೇಲೆಯೇ ಅಡುಗೆ ಮಾಡುತ್ತಿದ್ದೇವೆ.

ಸೂರ್ಯಾಸ್ತದ ಮಾತು ಮಾತ್ರ ಇಬ್ಬರ ತಲೆಯಲ್ಲೂ ಉಳಿಯಿತು. ಆಗಸ್ಟಿನ ಒಂದು ಭಾನುವಾರ ರಾತ್ರಿ, ಯಾವ ಋತು ಯಾವ ಬಣ್ಣ ಎಂದು ನೋಡದೆ, ಕೆಎಸ್‌ಆರ್‌ಟಿಸಿ ಬಸ್ಸು ಹತ್ತಿ ಕೊಪ್ಪದ ಹತ್ತಿರದ ನಮ್ಮ ಹಳ್ಳಿಗೆ ಹೋದೆವು. ಸೂರ್ಯನೇ ಇರಲಿಲ್ಲ, ಅಸ್ತ ಎಲ್ಲಿಂದ ಬರಬೇಕು. ಧೋ ಎಂದು ಸುರಿಯುವ ಮಳೆ, ಅಂಗಳದಲ್ಲಿ ಕಾಲಿಟ್ಟಲ್ಲೆಲ್ಲ ಇಂಬಳ. ಚಿಕ್ಕಪ್ಪನ ಮಗ ಜಗಲಿಯಲ್ಲಿ ಕೂತು, ನಟ್ಟಿಗೆ ಆಳು ಸಿಗದೆ ಸಸಿಮಡಿ ಬಲಿತುಹೋಗುತ್ತಿದೆ ಎಂದು ಗೋಳಾಡಿದ. ಕಾಫಿ ಮುಗಿದ ಮೇಲೆ ದನಿ ತಗ್ಗಿಸಿದ.

"ಅಣ್ಣ, ನಿನ್ನಿಂದ ಒಂದು ಉಪಕಾರವಾಗಬೇಕು. ನಾಲ್ಕು ವರ್ಷದ ಹಿಂದೆ ಶಿವಮೊಗ್ಗಕ್ಕೆ ಹೋಗಿದ್ದಾಗ ಒಂದು ಮೆಂಬರ್‌ಶಿಪ್ ಮಾಡಿಸಿದೆ. ಇಲ್ಲಿಯ ಮಳೆ ನೋಡಿ ನೋಡಿ ಕಣ್ಣಿಗೆ ಪಾಚಿ ಕಟ್ಟಿದೆ, ಸಮುದ್ರ ನೋಡೋಣ ಎಂದು. ಗೋವಾ ಒಂದು ಸಲವೂ ಸಿಗಲಿಲ್ಲ. ಈ ತಿಂಗಳು ಮುಗಿದರೆ ಪಾಯಿಂಟ್ ಹೋಗುತ್ತದೆ. ಒಂದೇ ಕಡೆ ಖಾಲಿ ತೋರಿಸುತ್ತಿದೆ, ಮಂಗಳವಾರ."

"ಎಲ್ಲಿ?"

ಅವನು ಕಿಟಕಿಯಾಚೆ ಕೈ ತೋರಿಸಿದ. ಗುಡ್ಡದ ಹಿಂದೆ, ನಮ್ಮ ತೋಟದಿಂದ ಆರು ಕಿಲೋಮೀಟರ್.

ಹೋದೆವು. ವೇಸ್ಟ್ ಆಗುತ್ತಿತ್ತು. ಸ್ವಾಗತಕ್ಕೆ ಕುತ್ತಿಗೆಗೆ ಏಲಕ್ಕಿ ಹಾರ, ಕೈಗೆ ಮಜ್ಜಿಗೆ ಹುಲ್ಲಿನ ಕಷಾಯ. ಆ ಹುಲ್ಲು ನಮ್ಮ ಬಚ್ಚಲ ಹಿಂದೆ ಆಳೆತ್ತರ ಬೆಳೆದು ನಿಂತಿದೆ. "ಎಲ್ಲಿಂದ ಬಂದಿದ್ದೀರಿ ಸರ್?" ಎಂದು ಸ್ವಾಗತಕಾರ ಕೇಳಿದ. ತಮ್ಮ, ಮಳೆಯಲ್ಲಿ ತೊಯ್ದ ಪಂಚೆ ಹಿಂಡುತ್ತ, "ದೂರದಿಂದ" ಎಂದ. ಮರುದಿನದ ಕಾರ್ಯಕ್ರಮಗಳ ಹಾಳೆ ಕೈಗೆ ಬಂತು. ಬೆಳಿಗ್ಗೆ ಒಂಬತ್ತಕ್ಕೆ ಗದ್ದೆಗೆ ಇಳಿದು ನಟ್ಟಿಯ ಅನುಭವ, ತಲೆಗೆ 800 ರೂಪಾಯಿ, ಈಗಾಗಲೇ ಇಪ್ಪತ್ತೆರಡು ಮಂದಿ ಹೆಸರು ಕೊಟ್ಟಿದ್ದಾರೆ.

ತಮ್ಮ ಅದನ್ನು ಎರಡು ಸಲ ಓದಿದ. ಕನ್ನಡಕ ತೆಗೆದು ಒರೆಸಿ ಮೂರನೆಯ ಸಲ ಓದಿದ. ಆಮೇಲೆ ಮೇಜಿನ ಮೇಲೆ ಬಾಗಿ, ಯಾರಿಗೂ ಕೇಳಿಸಬಾರದೆಂಬಂತೆ ಕೇಳಿದ: "ನನ್ನ ಬಳಿ ಇನ್ನೂ 400 ಪಾಯಿಂಟ್ ಇದೆ. ಅದಕ್ಕೆ ಈ ಇಪ್ಪತ್ತೆರಡು ಜನರನ್ನು ನಾಳೆ ಮಧ್ಯಾಹ್ನದವರೆಗೆ ನಮ್ಮ ಗದ್ದೆಗೆ ಕಳಿಸಿಕೊಡುತ್ತೀರಾ?"